ಮಷಿನ್ ಆಮೇಲೆ, ಮೊದಲು ಮಣ್ಣು: ಹಳೆ ನಾಣ್ಯ ಹುಡುಕಲು ಮೆಟಲ್ ಡಿಟೆಕ್ಟರ್ ಆರಿಸುವುದು ಹೇಗೆ

ಯುಗಾದಿ ಮುಗಿದ ವಾರ ಗದಗಿನಿಂದ ಅಕ್ಕನ ಮಗನ ಫೋನ್ ಬಂತು. "ಮಾಮಾ, ನಲವತ್ತು ಸಾವಿರ ಕೂಡಿಸೀನಿ. ಮೂರು ಮಷಿನ್ ನೋಡಿಟ್ಟೀನಿ. ಯಾವುದು ತಗೊಳ್ಳಲಿ ಹೇಳು. ಕಪ್ಪತಗುಡ್ಡದಾಗ ಬ್ರಿಟಿಷರ ಕಾಲದ ಚಿನ್ನದ ಗಣಿ ಅದಾವಲ್ಲ, ಅಲ್ಲೇ ಹೋಗಬೇಕಂತ ಮಾಡೀನಿ."

ಹುಬ್ಬಳ್ಳಿಯಲ್ಲಿ ಕೂತು ಹಳೆ ನಾಣ್ಯ ಕೂಡಿಡುವ ನನ್ನಂಥವನಿಗೆ ಇಂಥ ಫೋನ್ ಹೊಸದಲ್ಲ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: ಅಗ್ಗದ್ದು ಸಾಕೋ, ನಡುವಿನದ್ದು ಬೇಕೋ, ಲಕ್ಷ ಸುರಿದರೆ ಬಂಗಾರ ಸಿಗುತ್ತದೋ? ಎಲ್ಲರೂ ಮಷಿನ್‌ನಿಂದ ಶುರು ಮಾಡಿ ಜಾಗಕ್ಕೆ ಬರುತ್ತಾರೆ. ಅದು ಎತ್ತಿನ ಮುಂದೆ ಬಂಡಿ ಕಟ್ಟಿದ ಹಾಗೆ. ಎಲ್ಲಿ ಹುಡುಕುತ್ತೀರಿ, ಅಲ್ಲಿನ ಮಣ್ಣು ಎಂಥದು, ಏನು ಸಿಗಬಹುದು, ಕೆಟ್ಟರೆ ರಿಪೇರಿ ಎಲ್ಲಿ ಎಂಬ ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ರೊಕ್ಕದ ಲೆಕ್ಕ ತಾನೇ ಬಗೆಹರಿಯುತ್ತದೆ. ಆದ್ದರಿಂದ ಅಳತೆಗೋಲು ಮೊದಲು, ಅಂಗಡಿ ಆಮೇಲೆ.

ಜಾಗ

ಕಪ್ಪತಗುಡ್ಡದ ಆಸೆಗೆ ಕಾರಣ ಇಲ್ಲದಿಲ್ಲ. ಡೋಣಿ, ಸೊರಟೂರ ಕಡೆಯ ಹಳ್ಳಗಳ ಮರಳು ತೊಳೆದು ಚಿನ್ನದ ಪುಡಿ ತೆಗೆಯುವ ಜಾಲಗಾರರು ಇಲ್ಲಿ ಬಹಳ ಹಿಂದಿನಿಂದ ಇದ್ದರು. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದೇ ಸಾಲಿನ ಡಂಬಳದ ಗುಡ್ಡಗಳ ಚಿನ್ನದ ಕಲ್ಲುಗಳ ಬಗ್ಗೆ ಬರೆದರು. ನಮ್ಮ ಜಿಲ್ಲೆಯ ಹೆಸರನ್ನು ಹಳೆಯ ಶಿಲೆಗಳ ಒಂದು ಇಡೀ ಪಂಗಡಕ್ಕೆ 'ಧಾರವಾಡ' ಎಂದು ಅಂಟಿಸಿದವರೂ ಅವರೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಬುಲಾಯತಕಟ್ಟಿ, ಅತ್ತಿಕಟ್ಟಿ, ಹೊಸೂರು ಸುತ್ತ ಬ್ರಿಟಿಷ್ ಕಂಪನಿಗಳು ಬಾವಿಯಂಥ ಗುಂಡಿ ತೋಡಿ, ಅಡ್ಡ ಸುರಂಗ ಕೊರೆದು, ಕಲ್ಲು ಅರೆದವು. ಕೋಲಾರದಂಥ ಲಾಭ ಕಾಣದೆ ಕೆಲವೇ ವರ್ಷಗಳಲ್ಲಿ ಗಂಟುಮೂಟೆ ಕಟ್ಟಿದವು. ಅಷ್ಟು ಜನ ಕೂಲಿಗಳು ದುಡಿದ ಜಾಗದಲ್ಲಿ ಕಾಸು ಬಿದ್ದಿರಲೇಬೇಕಲ್ಲ? ಬಿದ್ದಿರಬಹುದು. ಆದರೂ ಅಲ್ಲಿಗೆ ಹೋಗಬೇಡಿ ಎನ್ನುವುದಕ್ಕೆ ನನ್ನ ಹತ್ತಿರ ಮೂರು ಕಾರಣಗಳಿವೆ.

ಒಂದು, 2019ರಿಂದ ಕಪ್ಪತಗುಡ್ಡದ 244 ಚದರ ಕಿಲೋಮೀಟರಿನಷ್ಟು ಪ್ರದೇಶ ವನ್ಯಜೀವಿಧಾಮ. ಅಪ್ಪಣೆ ಇಲ್ಲದೆ ಒಳಗೆ ಕಾಲಿಡುವುದೇ ತಪ್ಪು. ಮಣ್ಣು ಅಗೆದು ಏನಾದರೂ ತೆಗೆದುಕೊಂಡು ಬರುವುದಂತೂ ಕೇಸಿಗೆ ನೇರ ದಾರಿ. ಗುಡ್ಡದ ಉಳಿವಿಗೆ ಈ ಭಾಗದ ಜನ, ಮಠ ಎಲ್ಲ ಸೇರಿ ಬೀದಿಗಿಳಿದಿದ್ದಾರೆ. ಅಲ್ಲಿ ಗುದ್ದಲಿ ಹಿಡಿದವನ ಕಥೆ ಕೇಳಲು ಯಾರಿಗೂ ತಾಳ್ಮೆ ಇರುವುದಿಲ್ಲ.

ಎರಡು, ಹಳೆ ಗಣಿ ಎಂದರೆ ಬಾಯಿ ತೆರೆದ ಗುಂಡಿ. ಮೇಲೆ ಹುಲ್ಲು, ಕಾರೆಕಂಟಿ ಬೆಳೆದು ಮುಚ್ಚಿರುತ್ತದೆ, ಒಳಗೆ ಗಾಳಿ ಕೆಟ್ಟಿರುತ್ತದೆ. ಇಲ್ಲಿನ ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜವೂ ಬೆರೆತಿದೆ. ಅರೆದು ಎಸೆದ ಪುಡಿ ಗುಡ್ಡೆಯನ್ನು ಕೈಯಲ್ಲಿ ಕೆದಕುವುದು ಮೈಗೆ ಒಳ್ಳೆಯದಲ್ಲ. ಇನ್ನೊಂದು ಮಾತು ಯಾರೂ ಹೇಳುವುದಿಲ್ಲ: ಬಂಡೆ ಒಡೆಯಲು ಬಳಸುತ್ತಿದ್ದ ಸಿಡಿಮದ್ದಿನ ಪುಟ್ಟ ಲೋಹದ ಕೊಳವೆಗಳು ಯಾವ ಹಳೆ ಗಣಿಯಲ್ಲೂ ಮಣ್ಣಿನಲ್ಲಿ ಉಳಿದಿರಬಹುದು. ಡಿಟೆಕ್ಟರ್‌ಗೆ ಅದು ನಾಣ್ಯದ ಹಾಗೆಯೇ ಕೇಳಿಸುತ್ತದೆ. ನೀವು ಖುರಪಿಯಿಂದ ಕುಕ್ಕುತ್ತೀರಿ. ಮುಂದಿನದನ್ನು ಬರೆಯುವುದು ಬೇಡ.

ಮೂರು, ಚಿನ್ನದ ಗಣಿಯಲ್ಲಿ ಡಿಟೆಕ್ಟರ್‌ಗೆ ಚಿನ್ನ ಕೇಳಿಸುವುದಿಲ್ಲ. ಒಂದು ಟನ್ ಅದಿರಿನಲ್ಲಿ ಕೆಲವೇ ಗ್ರಾಂ ಚಿನ್ನ, ಅದೂ ಬೆಣಚುಕಲ್ಲಿನೊಳಗೆ ಕಣ್ಣಿಗೆ ಕಾಣದ ಕಣಗಳಾಗಿ ಹರಡಿರುತ್ತದೆ. ಮಷಿನ್‌ಗೆ ಬೇಕಾದ್ದು ಒಂದೇ ಕಡೆ ಗಟ್ಟಿಯಾಗಿ ಕೂತ ಲೋಹ. ಆಸ್ಟ್ರೇಲಿಯಾದಲ್ಲಿ ಚಿನ್ನದ ಗಟ್ಟಿ ಹೆಕ್ಕುವವರ ವಿಡಿಯೊ ನೋಡಿ ನಮ್ಮ ಗುಡ್ಡಕ್ಕೆ ಹೊರಡುವವರು ಈ ವ್ಯತ್ಯಾಸ ಮರೆಯುತ್ತಾರೆ.

ಎರಡನೆಯ ಆಸೆ ಲಕ್ಕುಂಡಿ, ಬಂಕಾಪುರ, ಹಾನಗಲ್ಲಿನಂಥ ಹಳೆ ಊರುಗಳು. ಲಕ್ಕುಂಡಿ ನಾಣ್ಯ ಅಚ್ಚು ಹಾಕುವ ಟಂಕಸಾಲೆಗೆ ಹೆಸರಾದ ಊರು, ಲೊಕ್ಕಿ ಗದ್ಯಾಣ ಎಂಬ ಚಿನ್ನದ ನಾಣ್ಯದ ಊರು. ಮಳೆ ಬಿದ್ದ ಮರುದಿನ ಹೊನ್ನು ಹುಡುಕಲು ನೆಲ ನೋಡಿಕೊಂಡು ನಡೆಯುತ್ತಿದ್ದೆವು ಎಂದು ನಮ್ಮಜ್ಜಿಯ ತವರಿನವರು ಹೇಳುತ್ತಿದ್ದರು. ಈಗ ಆ ಮಾತು ಬಿಡಿ. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಲಕ್ಕುಂಡಿಯಲ್ಲಿ ಗುಡಿಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆಯೆಂದರೆ ಈ ಸುತ್ತುಗಳು ಊರನ್ನೇ ಹೊದ್ದುಕೊಳ್ಳುತ್ತವೆ. ಕಾನೂನು ಒತ್ತಟ್ಟಿಗಿರಲಿ, ಒಂದು ನಾಣ್ಯ ಯಾವ ಪದರದಲ್ಲಿ, ಯಾವ ಮಡಕೆಚೂರಿನ ಪಕ್ಕ ಇತ್ತು ಎಂಬುದರಲ್ಲೇ ಅದರ ಅರ್ಧ ಇತಿಹಾಸ ಇರುತ್ತದೆ. ಕಿತ್ತು ಜೇಬಿಗೆ ಹಾಕಿದ ಮೇಲೆ ಅದು ಬರೀ ತಾಮ್ರದ ಚೂರು.

ಉಳಿದದ್ದು ಮೂರನೆಯದು: ನಿಮ್ಮದೇ ಹೊಲ, ಇಲ್ಲವೇ ಬಾಯಿಮಾತಿನ ಬದಲು ಚೀಟಿಯಲ್ಲಿ ಒಪ್ಪಿಗೆ ಕೊಟ್ಟ ಬೀಗರ ಹೊಲ. ಹಳೆ ಬಂಡಿದಾರಿ ಹಾದುಹೋದ ಬದು, ಸಂತೆ ಕೂಡುತ್ತಿದ್ದ ಬಯಲಿನ ಪಕ್ಕದ ಜಮೀನು, ಕಣ ಮಾಡುತ್ತಿದ್ದ ಮೂಲೆ, ಹೊಲದ ನಡುವಿನ ಹಳೆ ಬೇವಿನ ನೆರಳು. ಕೂಲಿ ಬಟವಾಡೆ ಆದದ್ದು, ಬುತ್ತಿ ಬಿಚ್ಚಿದ್ದು, ಸೆರಗಿನ ಗಂಟು ಸಡಿಲಾದದ್ದು ಇಲ್ಲೇ. ನನಗೆ ಸಿಕ್ಕ ನಾಣ್ಯಗಳಲ್ಲಿ ಮುಕ್ಕಾಲು ಪಾಲು ಮರದ ನೆರಳಿನವೇ.

ಇಲ್ಲೂ ಕಾನೂನು ಬಿಡುವುದಿಲ್ಲ. ಮಣ್ಣಲ್ಲಿ ಹೂತಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಆಡಳಿತಕ್ಕೆ ತಿಳಿಸಬೇಕು ಎಂಬುದು 1878ರ ಬ್ರಿಟಿಷ್ ನಿಧಿ ಕಾಯ್ದೆಯಿಂದ ಬಂದ ಪದ್ಧತಿ. ಆ ಕಾಯ್ದೆ ಹತ್ತು ರೂಪಾಯಿ ಮೀರಿದ್ದೆಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು. ನಮ್ಮಲ್ಲಿ 1962ರ ರಾಜ್ಯದ ನಿಧಿ ಕಾಯ್ದೆ ಇದೆ. ಜೊತೆಗೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ದೇಶದ ಹೊರಗೆ ಕಳಿಸುವ ಹಾಗಿಲ್ಲ. ಕೊಡದಲ್ಲೋ ಗಡಿಗೆಯಲ್ಲೋ ಗುಂಪಾಗಿ ಸಿಕ್ಕರೆ ಕೈ ಹಚ್ಚದೆ ತಹಶೀಲ್ದಾರ್ ಕಚೇರಿಗೆ ಫೋನ್ ಮಾಡಿ. ನಮ್ಮ ಕಡೆ ಅಮಾವಾಸ್ಯೆ ರಾತ್ರಿ ನಂದಿ ಒಡೆದು, ವೀರಗಲ್ಲು ಕಿತ್ತು ಹೋಗುವ ನಿಧಿಗಳ್ಳರ ಕಾಟ ಇದ್ದೇ ಇದೆ. ಮಷಿನ್ ಹಿಡಿದ ನಿಮ್ಮನ್ನು ಊರವರು ಮೊದಲು ಆ ಸಾಲಿಗೇ ಸೇರಿಸುತ್ತಾರೆ. ಹಗಲು ಹೊತ್ತು ಹೋಗಿ, ಹೊಲದ ಮಾಲೀಕನನ್ನು ಜೊತೆಗೆ ನಿಲ್ಲಿಸಿಕೊಳ್ಳಿ, ಕೇಳಿದವರಿಗೆ ಮಷಿನ್ ಕೈಗೆ ಕೊಟ್ಟು ತೋರಿಸಿ. ಹತ್ತು ನಿಮಿಷದಲ್ಲಿ ಮಕ್ಕಳ ಗುಂಪು ಕಟ್ಟಿಕೊಂಡು ಓಡಾಡುತ್ತಿರುತ್ತೀರಿ.

ಮಣ್ಣು

ಡಿಟೆಕ್ಟರ್ ಕೆಲಸ ಮಾಡುವ ಬಗೆ ಸರಳ. ತಟ್ಟೆಯಂಥ ಕಾಯಿಲ್ ನೆಲದೊಳಗೆ ಬದಲಾಗುತ್ತಿರುವ ಕಾಂತಕ್ಷೇತ್ರ ಕಳಿಸುತ್ತದೆ. ಅಲ್ಲಿ ಲೋಹ ಇದ್ದರೆ ಅದರೊಳಗೆ ಸುಳಿ ವಿದ್ಯುತ್ ಹುಟ್ಟಿ ತನ್ನದೇ ಒಂದು ಸಣ್ಣ ಕಾಂತಕ್ಷೇತ್ರ ತಿರುಗಿ ಕಳಿಸುತ್ತದೆ. ಅದು ಎಷ್ಟು ತಡವಾಗಿ ಬಂತು ಎನ್ನುವುದರಿಂದ ಮಷಿನ್ ಇದು ಕಬ್ಬಿಣವೋ, ಬೆಳ್ಳಿಯೋ ಎಂದು ಊಹಿಸುತ್ತದೆ. ತೊಂದರೆ ಎಂದರೆ ಕಬ್ಬಿಣದ ಅಂಶ ಇರುವ ಮಣ್ಣೂ ಉತ್ತರ ಕೊಡುತ್ತದೆ. ಸಂತೆಯ ಗದ್ದಲದಲ್ಲಿ ದೂರದವನು ಕೂಗಿದ ಹಾಗೆ, ನಾಣ್ಯದ ದನಿ ಮಣ್ಣಿನ ದನಿಯಲ್ಲಿ ಮುಳುಗುತ್ತದೆ. ಮಣ್ಣಿನ ದನಿಯನ್ನು ಕಳೆದು ಉಳಿದದ್ದನ್ನು ಕೇಳಿಸುವ ಸೌಲಭ್ಯಕ್ಕೆ ಗ್ರೌಂಡ್ ಬ್ಯಾಲೆನ್ಸ್ ಎನ್ನುತ್ತಾರೆ. ನಮ್ಮ ಭಾಗದಲ್ಲಿ ಮಷಿನ್ ಕೊಳ್ಳುವಾಗ ಮೊದಲು ಕೇಳಬೇಕಾದ್ದು ಇದನ್ನೇ.

ನವಲಗುಂದ, ನರಗುಂದ, ಅಣ್ಣಿಗೇರಿ, ಗದಗಿನ ಬಡಗಣ ಭಾಗ ಎಲ್ಲ ಎರಿ, ಅಂದರೆ ಕರಿ ಮಣ್ಣು. ಶಿರಹಟ್ಟಿ, ಮುಂಡರಗಿ ಕಡೆ ಗುಡ್ಡದ ಬುಡದಲ್ಲಿ ಮಸಾರಿ, ಅಂದರೆ ಕೆಂಪು ಮಣ್ಣು. ಅದರ ತುಂಬ ಗುಡ್ಡದಿಂದ ಉರುಳಿ ಬಂದ ಕಬ್ಬಿಣದ ಕಲ್ಲು. ಹಾವೇರಿ ಕಡೆ ಎರಡೂ ಬೆರಕೆ. ಎರಿ ಹೊಲ ಮಷಿನ್‌ಗೆ ಸ್ವಲ್ಪ ಸಮಾಧಾನದ ನೆಲ, ಮನುಷ್ಯನಿಗಲ್ಲ. ಬೇಸಿಗೆಯಲ್ಲಿ ಅಂಗೈ ಅಗಲ ಬಾಯಿ ಬಿಡುತ್ತದೆ, ಮೇಲಿದ್ದ ಕಾಸು ಬಿರುಕಿನಲ್ಲಿ ಜಾರಿ ಕೈಗೆಟುಕದ ಆಳಕ್ಕೆ ಹೋಗುತ್ತದೆ. ಹೆಂಟೆ ಇಟ್ಟಿಗೆಯಂತಾಗಿ ಖುರಪಿ ಬಾಗುತ್ತದೆ. ಮಳೆಗಾಲದಲ್ಲಿ ಕಾಲಿಗೆ ಎರಡು ಕಿಲೊ ಮೆತ್ತಿಕೊಳ್ಳುತ್ತದೆ. ಹಿಂಗಾರಿ ಜೋಳ, ಕಡಲೆ ತೆಗೆದ ಮೇಲೆ, ಹೆಸರು ಬಿತ್ತುವ ಮುಂಚೆ, ಒಂದು ಅಡ್ಡಮಳೆ ಬಿದ್ದು ಹರಗಿದ ಹೊಲವೇ ಹದವಾದದ್ದು. ವರ್ಷಕ್ಕೆ ಐದಾರು ವಾರ ಅಷ್ಟೇ. ಇಷ್ಟು ಕಡಿಮೆ ದಿನ ಬಳಸುವ ವಸ್ತುವಿಗೆ ಎಷ್ಟು ರೊಕ್ಕ ಹಾಕಬೇಕು ಎಂಬುದನ್ನೂ ಲೆಕ್ಕದಲ್ಲಿಡಿ.

ಏನು ಸಿಗುತ್ತದೆ

ನಮ್ಮ ಹೊಲಗಳಲ್ಲಿ ಸಾಮಾನ್ಯವಾಗಿ ಏಳುವುದು ಬ್ರಿಟಿಷ್ ಕಾಲದ ತಾಮ್ರ, ಕಂಚು: ಕಾಲಾಣೆ, ಪೈ, 1943ರಿಂದ ಬಂದ ತೂತಿನ ಪೈಸೆ. ಅಪರೂಪಕ್ಕೆ ಮರಾಠರ ಶಿವರಾಯಿ, ಟಿಪ್ಪುವಿನ ಆನೆ ಪೈಸೆ. ಬೆಳ್ಳಿ ರೂಪಾಯಿ ಸಿಕ್ಕರೆ ಅದು ಹಬ್ಬ: 11.66 ಗ್ರಾಂ ತೂಕ, 1940ಕ್ಕೆ ಮೊದಲಿನದಾದರೆ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ, ಆಮೇಲಿನದು ಅರ್ಧಕ್ಕರ್ಧ, 1947ರದು ಬರೀ ನಿಕ್ಕಲ್. ನಿಕ್ಕಲ್ ಬಿಟ್ಟರೆ ಇವೆಲ್ಲ ವಿದ್ಯುತ್ತನ್ನು ಚೆನ್ನಾಗಿ ಹರಿಸುವ ಲೋಹ. ಕಾಯಿಲ್‌ನ ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎಂಬುದೇ ಆವರ್ತನ; ಅದು ಕಡಿಮೆ ಇರುವ ಸಾಧಾರಣ ಮಷಿನ್‌ಗೂ ಇವು ಗಂಟೆ ಹೊಡೆದ ಹಾಗೆ ಕೇಳುತ್ತವೆ. ವಿಜಯನಗರದ ಚಿನ್ನದ ಹಣ ಎಂಬುದು ಅರ್ಧ ಗ್ರಾಂ ಕೂಡ ತೂಗದ, ತೊಗರಿ ಬೇಳೆಯಷ್ಟು ಚೂರು. ಅದು ಕೇಳಬೇಕಾದರೆ ಆವರ್ತನ ಹೆಚ್ಚಿರಬೇಕು, ಮಣ್ಣು ಶಾಂತವಾಗಿರಬೇಕು, ಕಾಯಿಲ್ ನೇರ ಅದರ ಮೇಲೇ ಹಾಯಬೇಕು. ಅದೇ ದನಿಯಲ್ಲಿ ಮಾತಾಡುವ ಇನ್ನೊಂದು ವಸ್ತು ನಮ್ಮ ಹೊಲದ ತುಂಬ ಇದೆ: ಗುಟ್ಕಾ ಚೀಟಿಯ ಒಳಗಿನ ಹಾಳೆ. ಚಿನ್ನ ಬೇಕೆಂದವನು ಸಾವಿರ ಗುಟ್ಕಾ ಚೀಟಿ ಹೆಕ್ಕಲು ತಯಾರಿರಬೇಕು.

ಈಗ ಮಷಿನ್‌ಗಳು

ಹತ್ತು ಸಾವಿರದೊಳಗಿನ ಹೆಸರಿಲ್ಲದ ಚೀನಾ ಮಷಿನ್‌ನಿಂದ ಶುರು ಮಾಡೋಣ, ನಾನೂ ಅಲ್ಲಿಂದಲೇ ಶುರು ಮಾಡಿದ್ದು. ಆನ್‌ಲೈನಲ್ಲಿ ತರಿಸಿದೆ. ಪೆಟ್ಟಿಗೆ ಮೇಲೆ ಎರಡು ಮೀಟರ್ ಆಳ ಎಂದು ಬರೆದಿತ್ತು. ಶಿರಹಟ್ಟಿ ಹತ್ತಿರದ ಭಾವನ ಮಸಾರಿ ಹೊಲಕ್ಕೆ ಒಯ್ದು, ಪರೀಕ್ಷೆಗೆಂದು ಕಾಲಾಣೆಯೊಂದನ್ನು ನಾಲ್ಕು ಇಂಚು ಆಳದಲ್ಲಿ ಹೂತು ಮೇಲೆ ಆಡಿಸಿದೆ. ಸದ್ದಿಲ್ಲ. ಎರಡು ಹೆಜ್ಜೆ ಆಚೆ ಹೋದೆ, ಕಿವಿ ಕಿತ್ತುಹೋಗುವ ಹಾಗೆ ಕೂಗಿತು. ಅಗೆದರೆ ಮುಷ್ಟಿಯಷ್ಟು ಕಂದು ಕಲ್ಲು. ಅದನ್ನೆಸೆದು ಮತ್ತೆ ಆಡಿಸಿದೆ. ಮತ್ತೆ ಕೂಗು, ಮತ್ತೆ ಕಲ್ಲು. ಮಧ್ಯಾಹ್ನದ ಹೊತ್ತಿಗೆ ಬದುವಿನ ಮೇಲೆ ಕಲ್ಲಿನ ಗುಡ್ಡೆ ಬಿದ್ದಿತ್ತು. "ಬಾರೋ, ಹೊಲ ಹಸನ ಮಾಡಿದೆಲ್ಲ, ಕೂಲಿ ಎಷ್ಟು?" ಎಂದು ಭಾವ ಕೇಳಿದ. ಮಾರಿದವನು ಆಮೇಲೆ ಫೋನ್ ಎತ್ತಲಿಲ್ಲ. ಹಾಗಂತ ಇದು ಪೂರಾ ದಂಡವಲ್ಲ. ಟ್ರ್ಯಾಕ್ಟರಿನ ಪಿನ್, ಕಳೆದ ಕೀಲಿ, ಕಣದಲ್ಲಿ ಬಿದ್ದ ಬಳೆ ಹುಡುಕಲು ಸಾಕು. ಶಾಲೆಗೆ ಹೋಗುವ ಮಗನ ಕೈಗೆ ಕೊಡಲೂ ಸರಿ. ನಾಣ್ಯಕ್ಕೆ, ಅದೂ ಮಸಾರಿಯಲ್ಲಿ, ಬೇಡ.

ಇದರ ಮೇಲಿನ ಮೆಟ್ಟಿಲು ಹೆಸರಿರುವ ಕಂಪನಿಗಳ ಒಂದೇ ಆವರ್ತನದ ಮಷಿನ್‌ಗಳು. ಅಮೆರಿಕದ ಗ್ಯಾರೆಟ್ ಏಸ್ ಸರಣಿ ಬಹಳ ಜನರ ಮೊದಲ ಮಷಿನ್: ಏಸ್ 250 ಕೆಲಸ ಮಾಡುವುದು 6.5 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 6,500 ಸಲ), 300ಐ 8ರಲ್ಲಿ, 400ಐ 10ರಲ್ಲಿ. ಹಗುರ, ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತದೆ, ಗುಂಡಿ ಒತ್ತಿ ಹೊರಡುವಷ್ಟು ಸರಳ. ಬೆಳ್ಳಿ, ತಾಮ್ರಕ್ಕೆ ಕಿವಿ ಚುರುಕು. ಆದರೆ ಗ್ರೌಂಡ್ ಬ್ಯಾಲೆನ್ಸ್ ಕಾರ್ಖಾನೆಯಲ್ಲೇ ಕೂರಿಸಿದ್ದು, ನೀವು ತಿದ್ದುವ ಹಾಗಿಲ್ಲ. ಅಣ್ಣಿಗೇರಿಯ ಎರಿಯಲ್ಲಿ ಹುಡುಕುವವನಿಗೆ ಇದು ಸಾಕು, ಮುಂಡರಗಿಯವನಿಗೆ ಸಾಲದು. ಕಾಯಿಲ್‌ಗೆ ನೀರು ತಾಗಬಹುದು. ಮೇಲಿನ ಡಬ್ಬಿಗೆ ತಾಗಿದರೆ ಕೆಟ್ಟಿತು. ನಮ್ಮ ಅಡ್ಡಮಳೆ ಹೇಳಿ ಕೇಳಿ ಬರುವುದಿಲ್ಲ, ಒಂದು ಪ್ಲಾಸ್ಟಿಕ್ ಚೀಲ ಜೇಬಲ್ಲಿರಲಿ.

ಟರ್ಕಿಯ ನೋಕ್ಟಾ ಕಂಪನಿಯ ಸಿಂಪ್ಲೆಕ್ಸ್ ಈ ದರ್ಜೆಯಲ್ಲಿ ನನ್ನ ಮೆಚ್ಚಿನದು. ಮೊದಲ ಮಾದರಿ 12 ಕಿಲೋಹರ್ಟ್ಸ್, ಆಮೇಲಿನವು 15. ಇದರ ಬೆಲೆಗೆ ಆಯಾ ನೆಲದಲ್ಲೇ ತಿದ್ದಿಕೊಳ್ಳಬಹುದಾದ ಗ್ರೌಂಡ್ ಬ್ಯಾಲೆನ್ಸ್ ಸಿಗುವುದೇ ದೊಡ್ಡ ಮಾತು: ಕಾಯಿಲನ್ನು ನೆಲದ ಮೇಲೆ ನಾಲ್ಕಾರು ಸಲ ಮೇಲೆ ಕೆಳಗೆ ಆಡಿಸಿದರೆ ಮಷಿನ್ ಆ ಮಣ್ಣಿಗೆ ಒಗ್ಗಿಕೊಳ್ಳುತ್ತದೆ. ಪೂರ್ತಿ ನೀರು ನಿರೋಧಕ. ಕೆಸರಾದರೆ ಬೋರಿನ ನೀರಿಗೆ ಹಿಡಿದು ತೊಳೆಯಬಹುದು. ತೊಡಕು ಬ್ಯಾಟರಿಯದು. ಒಳಗೇ ಕೂತಿದೆ, ಚಾರ್ಜ್ ಮುಗಿದರೆ ಹೊಲದಲ್ಲಿ ಸೆಲ್ ಬದಲಿಸುವ ಹಾಗಿಲ್ಲ. ಪವರ್ ಬ್ಯಾಂಕ್ ಬೇಕು. ತೂಕವೂ ಇದೆ, ಎರಡು ತಾಸು ಆಡಿಸಿದ ಮೇಲೆ ಭುಜ ಅದನ್ನು ನೆನಪಿಸುತ್ತದೆ.

ಅದೇ ಬೆಲೆಯ ಆಸುಪಾಸಿನಲ್ಲಿ ಆಸ್ಟ್ರೇಲಿಯಾದ ಮೈನ್‌ಲ್ಯಾಬ್ ವ್ಯಾಂಕ್ವಿಶ್ 340, 440, 540 ಇವೆ. ಇವು ಒಂದೇ ಹೊತ್ತಿಗೆ ಹಲವು ಆವರ್ತನದಲ್ಲಿ ಕೆಲಸ ಮಾಡುತ್ತವೆ. ಗ್ರೌಂಡ್ ಬ್ಯಾಲೆನ್ಸ್ ತಿದ್ದುವ ಗುಂಡಿ ಇಲ್ಲ, ಆದರೂ ಕೆಂಪು ಮಣ್ಣಿನಲ್ಲಿ ಏಸ್‌ಗಿಂತ ಶಾಂತ; ಹಲವು ಆವರ್ತನ ಇರುವುದರಿಂದ ಮಣ್ಣನ್ನು ತಾನೇ ಅಳೆದುಕೊಳ್ಳುತ್ತದೆ. ಏನೂ ತಿದ್ದದೆ ಹುಡುಕಬೇಕು ಎನ್ನುವವರಿಗೆ ವ್ಯಾಂಕ್ವಿಶ್, ಮಷಿನ್ ಜೊತೆ ಮಾತಾಡುತ್ತ ಕಲಿಯಬೇಕು ಎನ್ನುವವರಿಗೆ ಸಿಂಪ್ಲೆಕ್ಸ್. ನೀರಿನ ವಿಷಯದಲ್ಲಿ ವ್ಯಾಂಕ್ವಿಶ್ ಏಸ್‌ನ ಜಾತಿಯೇ. ಇವೆರಡರ ನಡುವೆ ತೂಗಾಡುವವರಿಗೆ ನಾನು ಮಣ್ಣಿನ ಬಣ್ಣ ಕೇಳುತ್ತೇನೆ. ಮಸಾರಿಯೊಂದೇ ಆದರೆ ವ್ಯಾಂಕ್ವಿಶ್ 440 ಅಥವಾ 540. ಎರಿ ಮತ್ತು ಮಸಾರಿ ಎರಡೂ ಇದ್ದು, ಮಳೆಯಲ್ಲೂ ಹೊಲಕ್ಕಿಳಿಯುವ ಹುಚ್ಚಿದ್ದರೆ ಸಿಂಪ್ಲೆಕ್ಸ್.

ಲಕ್ಷದ ಹತ್ತಿರದವು ಮೈನ್‌ಲ್ಯಾಬ್ ಈಕ್ವಿನಾಕ್ಸ್, ನೋಕ್ಟಾ ಲೆಜೆಂಡ್, ಅದಕ್ಕೂ ಮೇಲೆ ಫ್ರಾನ್ಸಿನ ಎಕ್ಸ್‌ಪಿ ಡಿಯಸ್ 2. ಹಲವು ಆವರ್ತನ, ತಿದ್ದುವ ಗ್ರೌಂಡ್ ಬ್ಯಾಲೆನ್ಸ್, ನೀರಿಗೆ ಹೆದರದ ಮೈ, ಕಬ್ಬಿಣದ ಮೊಳೆಯ ಪಕ್ಕದಲ್ಲೇ ಕೂತ ನಾಣ್ಯವನ್ನು ಬೇರ್ಪಡಿಸುವ ಚುರುಕು, ಎಲ್ಲ ಇವೆ. ಕೊನೆಯದೇ ನಿಜವಾದ ವ್ಯತ್ಯಾಸ. ಹಳೆ ಕಣ, ಬಿದ್ದ ಮನೆಯ ಜಾಗದಲ್ಲಿ ಅಡಿಗೊಂದು ಮೊಳೆ ಇರುತ್ತದೆ. ಅಗ್ಗದ ಮಷಿನ್ ಮೊಳೆಯನ್ನು ಕೇಳಿ ನಾಣ್ಯವನ್ನು ಮರೆಯುತ್ತದೆ. ಆದರೆ ಆಳದ ಆಸೆಗೆ ಇದನ್ನು ಕೊಳ್ಳಬೇಡಿ. ರೂಪಾಯಿಯಷ್ಟು ದೊಡ್ಡ ನಾಣ್ಯವನ್ನು ಒಳ್ಳೆಯ ಮಷಿನ್ ಕೇಳುವುದು ಎಂಟು ಹತ್ತು ಇಂಚಿನವರೆಗೆ. ಮೂರು ಪಟ್ಟು ರೊಕ್ಕ ಕೊಟ್ಟರೆ ಮೂರು ಪಟ್ಟು ಆಳ ಬರುವುದಿಲ್ಲ. ವರ್ಷಕ್ಕೆ ಐದು ವಾರ ಹುಡುಕುವವನು ಈ ದರ್ಜೆಗೆ ಹಾರುವ ಮೊದಲು ಎರಡು ಹಂಗಾಮು ಸಾದಾ ಮಷಿನ್ ಆಡಿಸಲಿ.

ಇನ್ನು ಕಾಂತಕ್ಷೇತ್ರವನ್ನು ಬಿಟ್ಟು ಬಿಟ್ಟು ಮಿಡಿತದ ಹಾಗೆ ಕಳಿಸುವ ಪಲ್ಸ್ ಇಂಡಕ್ಷನ್ ಮಷಿನ್‌ಗಳು, ಮೈನ್‌ಲ್ಯಾಬ್ ಜಿಪಿಎಕ್ಸ್ ಥರದವು. ಗಣಿ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಅಂಗಡಿಯವರು ಇದನ್ನೇ ತೋರಿಸುತ್ತಾರೆ. ಕಬ್ಬಿಣ ತುಂಬಿದ ಮಣ್ಣನ್ನು ಕಡೆಗಣಿಸಿ ಆಳಕ್ಕೆ ಇಳಿಯುವುದು ಇದರ ಹೆಚ್ಚುಗಾರಿಕೆ. ಕಬ್ಬಿಣವನ್ನೂ ನಾಣ್ಯವನ್ನೂ ಸರಿಯಾಗಿ ಬೇರೆ ಮಾಡದಿರುವುದು ಇದರ ಕೊರತೆ. ಮೊಳೆ, ತಂತಿ, ಸಲಾಕೆ ಚೂರು ಬಿದ್ದಿರುವ ಯಾವುದೇ ಹಳೆ ಗಣಿ ಜಾಗದಲ್ಲಿ ಪ್ರತಿ ಸದ್ದಿಗೂ ಅಡಿ ಆಳ ಅಗೆಯಬೇಕು. ಹಲವು ಲಕ್ಷ ಸುರಿದು ಗುಜರಿ ಹೆಕ್ಕುವ ಕೆಲಸ. ಅಂಥ ಗಣಿ ಜಾಗಕ್ಕೆ ಹೋಗಲು ಪರವಾನಗಿಯೂ ಇಲ್ಲದ ನಮಗೆ ಇದರ ಮಾತೇ ಬೇಡ.

ಕೊನೆಗೆ ಒಂದು ಜಾತಿ ಇದೆ, ಹೆಸರು ಹೇಳಲೂ ಸಿಟ್ಟು ಬರುತ್ತದೆ. ಎರಡು ಆಂಟೆನಾ ಕಡ್ಡಿ, ನಡುವೆ ಒಂದು ಡಬ್ಬಿ, 'ಲಾಂಗ್ ರೇಂಜ್ ಲೊಕೇಟರ್' ಎಂಬ ಬಿರುದು; ಒಂದು ಕಿಲೋಮೀಟರ್ ದೂರದ ಚಿನ್ನದ ಕಡೆ ಕಡ್ಡಿ ತಿರುಗುತ್ತದಂತೆ. ನೆಲದ ಆಳದಲ್ಲಿ ಸುಮ್ಮನೆ ಬಿದ್ದಿರುವ ಚಿನ್ನ ಯಾವ ತರಂಗವನ್ನೂ ಹೊರಗೆ ಕಳಿಸುವುದಿಲ್ಲ. ಕಡ್ಡಿ ತಿರುಗುವುದು ಹಿಡಿದ ಕೈಯ ನಡುಕಕ್ಕೆ. ಮಗಳ ಮದುವೆಗೆಂದು ಇಟ್ಟ ರೊಕ್ಕವನ್ನು ಇಂಥ ಡಬ್ಬಿಗೆ ಸುರಿದು, ಮನೆಯ ಅಂಗಳ ಅಗೆದು ಕೂತವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಡಬ್ಬಿ ಬಿಚ್ಚಿ ನೋಡಿದೆವು. ಎರಡು ವೈರು, ಒಂದು ಬಲ್ಬು, ಒಂದು ಒಂಬತ್ತು ವೋಲ್ಟಿನ ಸೆಲ್.

ಮಷಿನ್ ಇಲ್ಲದ ದಾರಿ

ಇದನ್ನೂ ಒಂದು ಆಯ್ಕೆ ಎಂದೇ ತೂಗಿ. ನಿಮಗೆ ಬೇಕಿರುವುದು ಹುಡುಕುವ ಸುಖವೋ, ನಾಣ್ಯವೋ? ನಾಣ್ಯ ಎಂದಾದರೆ ಸವೆದ ಕಾಲಾಣೆ ಸಂಗ್ರಾಹಕರ ಹತ್ತಿರ ಚಹಾ, ಗಿರಮಿಟ್ಟಿನ ರೊಕ್ಕಕ್ಕೆ ಸಿಗುತ್ತದೆ. ನಲವತ್ತು ಸಾವಿರಕ್ಕೆ ಲೈಸೆನ್ಸ್ ಇರುವ ವ್ಯಾಪಾರಿಯಿಂದ ರಸೀತಿ ಸಮೇತ ಒಂದು ಒಳ್ಳೆಯ ಸಂಗ್ರಹವನ್ನೇ ಕಟ್ಟಬಹುದು; ಮಷಿನ್ ಹಿಡಿದು ಹತ್ತು ವರ್ಷ ತಿರುಗಿದರೂ ಅಷ್ಟು ಸಿಗುವುದು ಸಂಶಯ. ಇತಿಹಾಸ ಬೇಕು ಎಂದಾದರೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಒಂದು ದಿನ ಹೋಗಿ ಬನ್ನಿ. ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳಿಗೆ ನಾನು ಹೇಳುವುದು ಇದನ್ನೇ.

ಮಷಿನ್ ಕೊಳ್ಳುವುದೇ ನಿಶ್ಚಯವಾದರೆ ಪೂರ್ತಿ ರೊಕ್ಕ ಅದಕ್ಕೇ ಹಾಕಬೇಡಿ. ಪಿನ್‌ಪಾಯಿಂಟರ್ ಎಂಬ ಗಜ್ಜರಿ ಗಾತ್ರದ ಸಾಧನ ಇದೆ. ತೆಗೆದ ಮಣ್ಣಿನಲ್ಲಿ ನಾಣ್ಯ ಎಲ್ಲಿದೆ ಎಂದು ಅದು ಬೆರಳಿಟ್ಟು ತೋರಿಸುತ್ತದೆ. ಎರಿಯ ಹೆಂಟೆಯಲ್ಲಿ ಕರಿ ಮಣ್ಣು ಮೆತ್ತಿದ ಕಾಸು ಕಣ್ಣಿಗೆ ಬೀಳುವುದೇ ಇಲ್ಲ. ದುಬಾರಿ ಮಷಿನ್‌ಗಿಂತ, ಸಾದಾ ಮಷಿನ್ ಜೊತೆ ಪಿನ್‌ಪಾಯಿಂಟರ್ ಮೇಲು. ಗಟ್ಟಿ ಖುರಪಿ ಒಂದು, ಹೆಡ್‌ಫೋನ್ ಒಂದು, ಕಸಕ್ಕೆ ಚೀಲ ಒಂದು. ಅಗೆದ ಗುಂಡಿ ಮುಚ್ಚಿ, ಎದ್ದ ಮೊಳೆ, ತಂತಿಯನ್ನು ಮತ್ತೆ ಹೊಲದಲ್ಲಿ ಬಿಸಾಡಬೇಡಿ. ಎತ್ತಿನ ಕಾಲಿಗೆ ಚುಚ್ಚುತ್ತದೆ. ನಾಣ್ಯ ಸಿಕ್ಕರೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಚಟ ನಮ್ಮಲ್ಲಿದೆ, ಅದನ್ನು ಬಿಡಿ. ಹಸಿರು ಪದರದ ಜೊತೆ ಅಕ್ಷರವೂ ಹೋಗುತ್ತದೆ. ಬರೀ ನೀರಲ್ಲಿ ನೆನೆಸಿ, ಮೆತ್ತನೆಯ ಬ್ರಷ್ ಆಡಿಸಿ, ಎಲ್ಲಿ ಯಾವಾಗ ಸಿಕ್ಕಿತೆಂದು ಚೀಟಿ ಬರೆದಿಡಿ.

ಬಳಸಿದ ಮಷಿನ್ ಕೊಳ್ಳುವವರಿಗೆ ಒಂದು ಮಾತು. ರಿಪೇರಿಯ ಅಂಗಡಿ ಹುಬ್ಬಳ್ಳಿಯಲ್ಲಿ ಹುಡುಕಬೇಡಿ, ಕಾಯಿಲ್ ಕೆಟ್ಟರೆ ತರಿಸಲು ತಿಂಗಳು ಹಿಡಿಯುತ್ತದೆ. ದುಬೈಯಿಂದ ನೆಂಟರು ತಂದದ್ದು ಅಗ್ಗ ನಿಜ, ಇಲ್ಲಿ ವಾರಂಟಿ ನಡೆಯುತ್ತದೋ ಕೇಳಿಕೊಳ್ಳಿ. ಕೊಳ್ಳುವ ಮುಂಚೆ ನಿಮ್ಮ ಹೊಲದ ಒಂದು ಬುಟ್ಟಿ ಮಣ್ಣು ಒಯ್ದು, ಅದರೊಳಗೆ ಕಾಸು ಹೂತು ಆಡಿಸಿ ನೋಡಿ. ಮಾರುವವನು ನಗಬಹುದು. ನಗಲಿ.

ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ನನ್ನ ಚಹಾ ಆರಿಹೋಗಿತ್ತು. ಕಪ್ಪತಗುಡ್ಡ ಬಿಟ್ಟ. ಮುಳಗುಂದದ ಹತ್ತಿರ ಅವರಪ್ಪನ ಎಂಟೆಕರೆ ಎರಿ ಇದೆ, ತುದಿಯಲ್ಲಿ ಒಂದಿಷ್ಟು ಮಸಾರಿ; ಸಿಂಪ್ಲೆಕ್ಸ್ ತಗೊಂಡ, ಉಳಿದ ರೊಕ್ಕಕ್ಕೆ ಪಿನ್‌ಪಾಯಿಂಟರ್. ಮೊದಲ ಭಾನುವಾರ ಎತ್ತಿನ ಲಾಳ ಏಳು, ಗುಟ್ಕಾ ಚೀಟಿ ಎಣಿಸದಷ್ಟು. ಎರಡನೆಯ ಭಾನುವಾರ ಹಿಡಿ ಮುರಿದ ಕುಡುಗೋಲು. ನಾಲ್ಕನೆಯ ವಾರ ಬೇವಿನ ಬುಡದಲ್ಲಿ ಮಷಿನ್ ಟಿಂಗ್ ಎಂದಿತು, ತಿರುಗಿಸಿ ಆಡಿಸಿದರೂ ಟಿಂಗ್. ಐದು ಇಂಚು ಕೆಳಗೆ, ಹೆಂಟೆ ಎರಡು ಹೋಳಾದಾಗ ಹಸಿರು ಅಂಚೊಂದು ಕಂಡಿತು. 1944ರ ತೂತಿನ ಪೈಸೆ. ನೂರು ವರ್ಷ ಆಗಿಲ್ಲ, ಕಂಚು, ಬೆಲೆ ಏನೂ ಇಲ್ಲ.

ಅವನು ಅದನ್ನು ಅಜ್ಜಿಗೆ ತೋರಿಸಿದ. ಅಜ್ಜಿ ಕಣ್ಣಿಗೆ ಹತ್ತಿರ ಹಿಡಿದು, ತೂತಿನೊಳಗಿಂದ ಅಂಗಳದ ಬೆಳಕು ನೋಡಿದಳು. "ಇದನ್ನ ಕೂಸಿನ ಉಡದಾರಕ್ಕ ಪೋಣಸ್ತಿದ್ವಿ" ಅಂದಳು. ಆಮೇಲೆ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಅವನು ಮೂರು ವಾರದಿಂದ ಕೇಳುತ್ತಿದ್ದಾನೆ, ಇನ್ನೂ ವಾಪಸ್ ಕೊಟ್ಟಿಲ್ಲ.